ಉಸ್ತಾದರ ಬಲಗಡೆ

ಅವರು ತೀರಿಕೊಂಡ ಬೆಳಿಗ್ಗೆ ನನ್ನ ಪಿಕಪ್ಪು ಸ್ಟಾರ್ಟ್ ಆಗಲಿಲ್ಲ ಎಂದು ಬರೆಯಲು ಕೈ ತುಡಿಯುತ್ತದೆ. ಹಾಗೆ ಬರೆದರೆ ಓದುವವರಿಗೂ ಒಂದು ಸಮಾಧಾನ. ಆದರೆ ಅದು ಎಂದಿನಂತೆ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಯಿತು, ಶೇಂಗಾ ಹಿಂಡಿಯ ಮೂಟೆಗಳನ್ನು ಹೊತ್ತುಕೊಂಡು ಪರಶುರಾಂಪುರಕ್ಕೆ ಹೋಗಿ ಬಂತು. ಬಂದ ಮೇಲೆಯೇ ನನಗೆ ಸುದ್ದಿ ತಿಳಿದದ್ದು. ಸಾವಿನ ನೆಪ ಹೇಳಿಕೊಂಡು ನಿಂತುಬಿಡುವ ಗಾಡಿಯನ್ನು ಅವರು ಕ್ಷಮಿಸುತ್ತಿರಲಿಲ್ಲ. ಗಾಡಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ.

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಎಣ್ಣೆ ಮಿಲ್ಲುಗಳು ಮುಗಿದು ಜಾಲಿ ಶುರುವಾಗುವ ಕಡೆ ಒಂದು ಬೇವಿನ ಮರ. ಮರದ ಪಕ್ಕ ತಗಡಿನ ಚಪ್ಪರ, ಚಪ್ಪರದ ಕೆಳಗೆ ಹಗ್ಗದ ಮಂಚ, ಮಂಚದ ಮೇಲೆ ಅವರು. ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಬೋರ್ಡು ನೋಡಿ ಬರುವವರು ತಮ್ಮಲ್ಲಿಗೆ ಬರುವುದೇ ಬೇಡ ಎಂಬುದು ಅವರ ನಿಲುವು. ಅವರ ಹೆಸರು ಕೂಡ ಯಾರಿಗೂ ಬೇಕಾಗಿರಲಿಲ್ಲ. ಊರಿಗೆಲ್ಲ ಅವರು ಉಸ್ತಾದ್. ಇಲ್ಲಿಯೂ ಹಾಗೆಯೇ ಇರಲಿ. ಈಗ ಹೆಸರು ಹಾಕಿದರೆ ಬೇರೆ ಯಾರದೋ ಬಗ್ಗೆ ಬರೆದಂತಾಗುತ್ತದೆ.

ಮೆಕ್ಯಾನಿಕ್ಕು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ಗ್ರೀಸು ಮೆತ್ತಿದ ಬಟ್ಟೆಯನ್ನು ದಯವಿಟ್ಟು ಬದಿಗಿಡಿ. ಅವರು ತೊಡುತ್ತಿದ್ದದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಬಿಳಿ ಪೈಜಾಮ. ಬೆಳಿಗ್ಗೆ ಹಾಕಿಕೊಂಡ ಬಟ್ಟೆಯಲ್ಲೇ ಸಂಜೆ ಮಸೀದಿಗೆ ಹೋಗುತ್ತಿದ್ದರು, ಮಧ್ಯೆ ಒಂದು ಲಾರಿಯ ಗೇರ್‌ಬಾಕ್ಸು ಇಳಿಸಿ ಏರಿಸಿದ್ದರೂ ಸರಿಯೇ. ಇಬ್ಬರು ಕೆಲಸದವರು ಗಾಡಿಯ ಅಡಿಗೆ ಮಲಗಿರುತ್ತಿದ್ದರು. ಇವರು ಮಂಚದ ಮೇಲಿಂದ, ಕಣ್ಣಿಗೆ ಕಾಣದ ಬೋಲ್ಟನ್ನು ಉದ್ದೇಶಿಸಿ, "ಇನ್ನರ್ಧ ಸುತ್ತು. ಸಾಕು. ಸಾಕು ಅಂದೆ" ಎನ್ನುತ್ತಿದ್ದರು. ಬಟ್ಟೆಯ ವಿಷಯ ಯಾರಾದರೂ ಎತ್ತಿದರೆ ಉತ್ತರ ಸಿದ್ಧವಿತ್ತು: "ಮೈಗೆಲ್ಲಾ ರಕ್ತ ಬಳ್ಕಂಡು ಬಂದ ಡಾಕ್ಟರ್ ಮುಂದೆ ನೀನು ಮಲಗ್ತೀಯಾ?"

ವಿನಯವನ್ನು ಅವರು ಸಣ್ಣ ಮೆಕ್ಯಾನಿಕ್ಕುಗಳ ಪಾಲಿಗೆ ಬಿಟ್ಟುಕೊಟ್ಟಿದ್ದರು. ಗಾಡಿ ತಂದವನು ತಾನೇ ರೋಗ ಹೇಳಲು ಶುರು ಮಾಡಿದರೆ ಸುಮ್ಮನೆ ಎದ್ದು ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಬಂದ ಮೇಲೂ ಅವನು ಹೇಳುತ್ತಿದ್ದರೆ ಮತ್ತೊಮ್ಮೆ ಹೋಗುತ್ತಿದ್ದರು. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಬೈಯಲಿಕ್ಕೆ ಮಾತ್ರ ತೆಲುಗು. ಉರ್ದುವಿನಲ್ಲಿ ಬೈದರೆ ಮನೆಯ ಮಕ್ಕಳು ಕಲಿಯುತ್ತವೆ, ಕನ್ನಡದಲ್ಲಿ ಬೈದರೆ ಗಿರಾಕಿ ಹೋಗುತ್ತಾನೆ, ತೆಲುಗಿನವರು ಮಾತ್ರ ಅದನ್ನು ಪ್ರೀತಿ ಎಂದು ತಿಳಿಯುತ್ತಾರೆ ಎಂದು ಅವರ ಲೆಕ್ಕ. ರಾಯದುರ್ಗದ ಕಡೆಯ ಲಾರಿ ಡ್ರೈವರುಗಳು ಬೈಸಿಕೊಂಡು ನಗುತ್ತಾ ಹೋಗುವುದನ್ನು ನಾನೇ ನೋಡಿದ್ದೇನೆ.

ಆದರೆ ಊರು ಅವರ ಮುಂದೆ ತಲೆ ತಗ್ಗಿಸುತ್ತಿದ್ದದ್ದು ಬಟ್ಟೆಗೂ ಅಲ್ಲ, ಬೈಗುಳಕ್ಕೂ ಅಲ್ಲ, ಕಿವಿಗೆ. ಗಾಡಿ ಇನ್ನೂ ತಿರುವಿನಲ್ಲಿ ಇರುವಾಗಲೇ, ಕಣ್ಣು ಮುಚ್ಚಿ ಮಲಗಿದ್ದವರು, "ಪಂಪು ಹೋಗೈತೆ. ಒಳಗೆ ಬರೋದು ಬೇಡ ಅನ್ನು, ಇವತ್ತು ಸಾಮಾನಿಲ್ಲ" ಎಂದುಬಿಡುತ್ತಿದ್ದರು. ಗಾಡಿಯವನು ಅಲ್ಲಿಂದಲೇ ತಿರುಗಿಸಿಕೊಂಡು ಹೋಗುತ್ತಿದ್ದ, ವಾದ ಮಾಡುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಮೇಲ್ಮನವಿ ಉಂಟು, ಬೇವಿನ ಮರದ ಕೆಳಗೆ ಇರಲಿಲ್ಲ.

ನಾನು ಅವರ ಸನ್ನಿಧಿಗೆ ಹೋದದ್ದು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ನಮ್ಮಪ್ಪನ ಪಿಕಪ್ಪಿನ ಸಲುವಾಗಿ. ಅಪ್ಪ ಅದರಲ್ಲಿ ಮೊಳಕಾಲ್ಮೂರಿನ ಅಂಗಡಿಗಳಿಗೆಲ್ಲ ಎಣ್ಣೆ ಡಬ್ಬ ಹಾಕುತ್ತಿದ್ದರು. ದುಂಡು ಮೂತಿ, ಕಪ್ಪೆಗಣ್ಣಿನ ದೀಪಗಳು, ಹಿಂದೆ ಮರದ ಹಲಗೆಯ ಸಣ್ಣ ತೊಟ್ಟಿ. ಅದನ್ನು ಮಾಡಿದ ಕಂಪನಿ ಯಾವತ್ತೋ ಮಾಡುವುದನ್ನು ಬಿಟ್ಟಿತ್ತು. ಅಪ್ಪ ಹೋದ ಮೇಲೆ ನಮ್ಮ ಎಣ್ಣೆ ಮಿಲ್ಲಿನ ಹಿತ್ತಲಿನಲ್ಲಿ ಅದು ನಿಂತ ಕಡೆಯೇ ನಿಂತು, ಅದರ ಸೀಟಿನಲ್ಲಿ ನಮ್ಮ ಮನೆಯ ಕೋಳಿಗಳು ಎರಡು ಮೂರು ತಲೆಮಾರು ಕಂಡವು. "ಕೋಳಿಗೂಡಿಗೆ ಸ್ಟೇರಿಂಗ್ ಯಾತಕ್ಕೆ, ತೂಕಕ್ಕೆ ಹಾಕ್ರಿ" ಎಂದು ನನ್ನ ಹೆಂಡತಿ ಹೇಳಿದ ದಿನವೇ ನಾನು ಎತ್ತು ಕಟ್ಟಿ ಅದನ್ನು ಪಾವಗಡ ರಸ್ತೆಗೆ ಎಳೆಸಿದೆ. ಹೆಂಡತಿಯ ಮಾತಿನಲ್ಲಿ ನ್ಯಾಯವಿದ್ದಾಗ ಅವಸರ ಮಾಡಲೇಬೇಕಾಗುತ್ತದೆ.

ಉಸ್ತಾದರು ಆ ದಿನ ಏನನ್ನೂ ಮುಟ್ಟಲಿಲ್ಲ. ಕೋಳಿಪುಕ್ಕ ಗುಡಿಸಿಸಿ, ಸೀಟಿನ ಮೇಲೆ ಟವೆಲು ಹಾಸಿಸಿ, ಒಳಗೆ ಕುಳಿತರು. ಮಧ್ಯಾಹ್ನದವರೆಗೆ ಕುಳಿತೇ ಇದ್ದರು. ಡ್ಯಾಶ್‌ಬೋರ್ಡಿನ ಮೇಲೆ ಅಪ್ಪ ಎಳೆದಿದ್ದ ಮೂರು ಪಟ್ಟೆ ವಿಭೂತಿ ಬಣ್ಣದೊಳಗೆ ಇಳಿದುಹೋಗಿತ್ತು. ಕೆಲಸದವನು ಒರೆಸಲು ಹೋದಾಗ ಕೈ ಹಿಡಿದರು: "ಅದು ಇವರಪ್ಪಂದು. ಅದನ್ನ ರಿಪೇರಿ ಮಾಡೋಕೆ ಹೇಳಿಲ್ಲ."

ಆಮೇಲೆ ಹೊಸ ಪೆಟ್ರೋಲು ಹಾಕಿ, ತಳ್ಳಿಸಿ, ಹೇಗೋ ಸ್ಟಾರ್ಟ್ ಮಾಡಿಸಿದರು. ಸೊಳ್ಳೆಗೆ ಹೊಡೆಯುವ ಹೊಗೆಯಂಥದ್ದು ಬೀದಿಯನ್ನೆಲ್ಲ ತುಂಬಿತು. ಉಸ್ತಾದರು ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರು ತೆಗೆದು, ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕೇಳುವುದು ಎಲ್ಲಾ ಹಳೆಯ ಮೆಕ್ಯಾನಿಕ್ಕುಗಳ ಪದ್ಧತಿ. ಹಲ್ಲಿನದು ನಾನು ಕಂಡಿರಲಿಲ್ಲ. ದೊಡ್ಡವರ ರೀತಿಯೇ ಬೇರೆ ಎಂದುಕೊಂಡೆ.

"ಇದರ ಆಯುಷ್ಯ ಮುಗಿದೈತೆ ಸಾವ್ಕಾರ" ಎಂದರು. "ನಿಮ್ಮಪ್ಪ ಸಿಲಿಂಡರು ಕೊರೆಸಿ ಕೊರೆಸಿ ಇಟ್ಟವ್ರೆ. ಇನ್ನೊಂದು ಸಲ ಕೊರೆದ್ರೆ ನೀರು ಬರ್ತೈತೆ. ಬೋರ್‌ವೆಲ್ ಬೇಕಾ, ಗಾಡಿ ಬೇಕಾ?"

"ಗಾಡಿ, ಉಸ್ತಾದ್."

"ಹಂಗಾದ್ರೆ ಬೇರೆ ಇಂಜಿನ್ನು ಹುಡುಕಬೇಕು."

ಆ ದಿನಗಳಲ್ಲಿ ಊರಿನಲ್ಲಿ ಒಂದು ಮಾತು ಹರಿದಾಡುತ್ತಿತ್ತು. ಹುಟ್ಟಿಸಿದವನು ಚಿತ್ರದುರ್ಗದ ರಸ್ತೆಯಲ್ಲಿ ಹೊಸ ಗ್ಯಾರೇಜು ಇಟ್ಟವನು. ಇದೇ ಬೇವಿನ ಮರದ ಕೆಳಗೆ ವರ್ಷಗಟ್ಟಲೆ ದುಡಿದು, ಕಲಿತು, ಜಗಳವಾಡಿಕೊಂಡು ಹೋದ ಶಿಷ್ಯ. ಟೀ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಅವನು ಹೇಳಿದ: "ಉಸ್ತಾದ್‌ಗೆ ಕಿವಿ ಹೋಗೈತಣ್ಣ. ಹಿಂದಿನಿಂದ ಕರೆದ್ರೆ ತಿರುಗಲ್ಲ."

"ಅವರು ಮುಂದಿನಿಂದ ಕರೆದರೂ ತಿರುಗಲ್ಲಪ್ಪ."

"ನೀನು ನಗು. ಇಂಜಿನ್ ಕೂರಿಸಿದ ಮೇಲೆ ಅಳ್ತೀಯ."

ನಗುವ ಮಾತಾಗಿರಲಿಲ್ಲ. ಬೇರೆಯವರಿಗೆ ಕಿವಿ ಹೋದರೆ ಕಿವಿ ಹೋದಂತೆ ಅಷ್ಟೆ. ಉಸ್ತಾದರಿಗೆ ಕಿವಿ ಹೋಗಿದೆಯೆಂದು ಊರು ನಂಬಿತೆಂದರೆ ಮಂಚ, ಮರ, ಬಿಳಿ ಬಟ್ಟೆ ಎಲ್ಲವೂ ಅದರ ಹಿಂದೆಯೇ ಹೋಗುತ್ತಿದ್ದವು. ಆಗಲೇ ಎರಡು ಟ್ರ್ಯಾಕ್ಟರಿನವರು ದುರ್ಗದ ರಸ್ತೆಗೆ ತಿರುಗಿದ್ದರು. ಹೀಗಾಗಿ ಆ ಬೇಸಿಗೆಯಲ್ಲಿ ಪರೀಕ್ಷೆಗೆ ಕೂತದ್ದು ನಮ್ಮಪ್ಪನ ಪಿಕಪ್ಪಲ್ಲ, ಅವರು.

ಮೊಳಕಾಲ್ಮೂರಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೇ ಜಾತಿಯ ಇಂಜಿನ್ನಿನಿಂದ ನಡೆಯುತ್ತಿದೆ, ಗಿರಣಿಗೆ ಈಗ ಕರೆಂಟು ಬಂದು ಇಂಜಿನ್ನು ಮಾರಾಟಕ್ಕಿದೆ ಎಂದು ಯಾರೋ ಸುದ್ದಿ ತಂದರು. ನಾನೂ ಉಸ್ತಾದರೂ ಬಸ್ಸು ಹತ್ತಿ ಹೋದೆವು. ಗಿರಣಿಯ ಯಜಮಾನಿ ಒಬ್ಬ ಗಟ್ಟಿ ಹೆಂಗಸು. ತೆಲುಗಿನಲ್ಲಿ ಶುರು ಮಾಡಿದ ವಾಕ್ಯವನ್ನು ಕನ್ನಡದಲ್ಲಿ ಮುಗಿಸುತ್ತಿದ್ದಳು. ಕಾರಿನಿಂದ ಕಿತ್ತ ಆ ಇಂಜಿನ್ನು ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು, ಪಟ್ಟಿ ಎಳೆದು ಕಲ್ಲು ತಿರುಗಿಸುತ್ತಿತ್ತು. ಮೈಯೆಲ್ಲ ಜೋಳದ ಹಿಟ್ಟು. ಬಿಳಿಯ ಉಸ್ತಾದರು ಬಿಳಿಯ ಇಂಜಿನ್ನಿನ ಎದುರು ನಿಂತಾಗ, ಬಹಳ ದಿನದ ಮೇಲೆ ಬೀಗರು ಭೇಟಿಯಾದಂತಿತ್ತು.

ಅವರು ಸ್ಕ್ರೂಡ್ರೈವರು ತೆಗೆದು ಹಲ್ಲಿಗೆ ಕಚ್ಚಿದರು. ಯಜಮಾನಿ ಸೆರಗು ಬಾಯಿಗಿಟ್ಟು ನಕ್ಕಳು. "ಏಂಟಯ್ಯಾ ಇದಿ, ನಿಮ್ ಸಾಬು ಇಂಜನ್ ಕೊಳ್ಳಾಕೆ ಬಂದಾನೋ, ತಿನ್ನಾಕೆ ಬಂದಾನೋ?"

ಉಸ್ತಾದರು ಒಂದೊಂದೇ ಕಡೆ ಒತ್ತಿ, ಕಚ್ಚಿ, ನಿಧಾನವಾಗಿ ಕಣ್ಣು ಬಿಟ್ಟರು. ಅವಳ ನಗೆ ನೋಡಿದರು. "ಬಾಗುಂದಮ್ಮಾ. ಉಪ್ಪು ಕೊಂಚೆಂ ತಕ್ಕುವ" ಎಂದರು. ಚೆನ್ನಾಗಿದೆ ತಾಯಿ, ಉಪ್ಪು ಸ್ವಲ್ಪ ಕಮ್ಮಿ. ಆಕೆ ನಕ್ಕ ರಭಸಕ್ಕೆ ಬೆಲೆಯನ್ನೂ ಇಳಿಸಿದಳು. ನಾನು ಇಂಜಿನ್ನಿನ ಅಡಿಭಾಗ ಮುಟ್ಟಿ, ಎಲ್ಲಾ ಗೊತ್ತಿರುವವನಂತೆ ತಲೆಯಾಡಿಸಿ, ಕೈಯೆಲ್ಲ ಕರಿ ಎಣ್ಣೆ ಮಾಡಿಕೊಂಡೆ.

ವಾಪಸು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆವು. ಅವರು ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಹಿಂದಿನಿಂದ ಒಂದು ಲಾರಿ ಹಾರ್ನು ಹೊಡೆಯುತ್ತಾ ಬಂತು. ರಸ್ತೆಯವರೆಲ್ಲ ಬದಿಗೆ ಸರಿದರು. ಉಸ್ತಾದರು ಸರಿಯಲಿಲ್ಲ. ಹಾರ್ನಿಗೂ ದಾರಿ ಬಿಡದ ಗತ್ತು ಎಂದು ನಾನು ಇನ್ನೂ ಮೆಚ್ಚುತ್ತಿರುವಾಗಲೇ ಲಾರಿ ಮೈಮೇಲೆ ಬಂದಿತ್ತು. ತೋಳು ಹಿಡಿದು ಎಳೆದೆ. ಲಾರಿ ಗಾಳಿ ಎಬ್ಬಿಸಿಕೊಂಡು ಹೋಯಿತು. ಅವರ ಬಿಳಿ ತೋಳಿನ ಮೇಲೆ ನನ್ನ ಐದು ಬೆರಳೂ ಕಪ್ಪಗೆ ಮೂಡಿದ್ದವು.

ಅವರು ಮೊದಲು ತೋಳು ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿದರು.

"ಗೊತ್ತಾಯ್ತಾ?"

ನಾನು ತಲೆಯಾಡಿಸಿದೆ.

"ಎಡಗಡೆದು ಪೂರಾ ಖತಂ. ಬಲಗಡೆದು ಚೂರು ಐತೆ. ಇನ್ಮೇಲೆ ಬಲಗಡೆ ನಿಂತು ಮಾತಾಡು. ಕೂಗ್ಬೇಡ. ನೀನು ಕೂಗಿದ್ರೆ ಊರಿಗೆಲ್ಲಾ ಕೇಳ್ತೈತೆ, ನನಗೊಬ್ಬನಿಗೆ ಕೇಳಲ್ಲ."

ನಾನು ಸುತ್ತಿ ಬಲಗಡೆಗೆ ಬಂದೆ. "ಮತ್ತೆ ಇಂಜಿನ್ನು ಹೆಂಗೆ ಕೇಳ್ತೀರಿ ಉಸ್ತಾದ್?"

"ದೇವರು ಕಿವಿ ಎರಡೇ ಕೊಟ್ಟವ್ನೆ. ಹಲ್ಲು ಬಾಯಿ ತುಂಬ ಕೊಟ್ಟವ್ನೆ" ಎಂದರು. ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು: "ಲಾರಿ ಹಾರ್ನು ಕಚ್ಚೋಕಾಗಲ್ಲ. ಅದೊಂದೇ ತೊಂದ್ರೆ."

ಬಸ್ಸಿನಲ್ಲಿ ನಾನು ಬಲಗಡೆಯೇ ಕೂತೆ. ಯಜಮಾನಿಯ ಮಾತು ಅವರಿಗೆ ಕೇಳಿಸಿರಲಿಲ್ಲ ಎಂಬುದು ಆಗ ಹೊಳೆಯಿತು. ಸ್ಕ್ರೂಡ್ರೈವರು ಕಚ್ಚಿದಾಗ ನಗುವವರೆಲ್ಲ ಅದೇ ಹಾಸ್ಯ ಮಾಡುತ್ತಾರೆ, ಉತ್ತರ ಯಾವಾಗಲೂ ಜೇಬಿನಲ್ಲಿರುತ್ತದೆ. ಅವರ ಗತ್ತಿನಲ್ಲಿ ಎಷ್ಟು ಪಾಲು ಗತ್ತು, ಎಷ್ಟು ಪಾಲು ಕಿವುಡು ಎಂದು ಬೇರ್ಪಡಿಸಲು ಯೋಚಿಸಿದೆ. ಹಿರಿಯೂರಿನ ಬಸ್ಸನ್ನೋ ಪಾವಗಡದ ಲಾರಿಯನ್ನೋ ತಿರುವಿನಲ್ಲೇ ಗುರುತಿಸಿದ್ದನ್ನು ಇತ್ತೀಚೆಗೆ ಯಾರು ಕಂಡಿದ್ದರು? ಯಾರೂ ಇಲ್ಲ. ಅವರು ಮಾತ್ರ ಮೊದಲಿನ ಹಾಗೆಯೇ ಕಣ್ಣು ಮುಚ್ಚಿ ಮಲಗಿರುತ್ತಿದ್ದರು, ನಾವು ಮೊದಲಿನ ಹಾಗೆಯೇ ಹೆದರುತ್ತಿದ್ದೆವು.

ಇಂಜಿನ್ನು ಬಂದು, ಹಿಟ್ಟು ತೊಳೆಸಿಕೊಂಡು, ವಾಲ್ವು, ರಿಂಗುಗಳನ್ನು ಹೊಸದಾಗಿ ಹಾಕಿಸಿಕೊಂಡಿತು. ಕೆಳಭಾಗವನ್ನು ಬಿಚ್ಚಿಸಲಿಲ್ಲ. ಸದ್ದಿಲ್ಲದೆ ನಡೆಯುತ್ತಿರುವುದನ್ನು ಬಿಚ್ಚಬಾರದೆಂಬುದು ಅವರ ಗ್ಯಾರೇಜಿನ ಶಾಸ್ತ್ರ. ಬೇವಿನ ಕೊಂಬೆಗೆ ಚೈನು ಕಟ್ಟಿ ಹಳೆಯದನ್ನು ಎತ್ತಿದರು. ಅದನ್ನು ಒಂದು ಗೋಣಿಯ ಮೇಲೆ ಮಲಗಿಸಿ, ಮೇಲೆ ಇನ್ನೊಂದು ಗೋಣಿ ಹೊದಿಸಿ, ಉಸ್ತಾದರು ಅದರ ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದರು. ಆ ಹೊತ್ತಿನಲ್ಲಿ ಚಹಾ ತಂದವನನ್ನು ತೆಲುಗಿನಲ್ಲಿ ಬೈದರು. ನಂತರ ಹೊಸದನ್ನು ಇಳಿಸಿದರು.

ಮೊದಲ ಸ್ಟಾರ್ಟಿನ ದಿನ ಊರಿನ ಅರ್ಧ ಗಂಡಸರಿಗೆ ಪಾವಗಡ ರಸ್ತೆಯಲ್ಲೇ ಏನೋ ಕೆಲಸ ಬಿತ್ತು. ಶಿಷ್ಯನೂ ಬಂದಿದ್ದ, ಇಸ್ತ್ರಿ ಪ್ಯಾಂಟಿನಲ್ಲಿ. ಉಸ್ತಾದರು ಹಾಕಿಕೊಂಡಿದ್ದದ್ದು ನನ್ನ ಬೆರಳಚ್ಚಿನ ಜುಬ್ಬಾ. ಒಗೆದರೂ ಹೋಗದೆ ಬೂದು ಬಣ್ಣಕ್ಕೆ ನಿಂತಿತ್ತು. ಶಿಷ್ಯ ಅವರ ಬೆನ್ನ ಹಿಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ, "ಸಲಾಂ ಉಸ್ತಾದ್" ಎಂದ. ಅವರು ತಿರುಗಲಿಲ್ಲ. ಅವನು ನಮ್ಮನ್ನೆಲ್ಲ ಒಮ್ಮೆ ನೋಡಿ, ಸಾಕ್ಷಿ ಮುಗಿಯಿತು ಎಂಬಂತೆ ಕೈ ಕಟ್ಟಿದ.

ಇಂಜಿನ್ನು ಸ್ಟಾರ್ಟ್ ಆಯಿತು. ಎಂಥ ಸದ್ದು ಎಂದರೆ, ಸದ್ದೇ ಇಲ್ಲ. ಹೊಲಿಗೆ ಯಂತ್ರದ ಹಾಗೆ. ಜನ ಹೋ ಎಂದರು. ಯಾರೋ ಪೇಟೆಗೆ ಸಿಹಿ ತರಲು ಹೊರಟೇಬಿಟ್ಟರು. ಅಲ್ಲಿಗೆ ಎಲ್ಲವೂ ಶುಭವಾಗಿ ಮುಗಿಯಬಹುದಿತ್ತು. ಉಸ್ತಾದರು ಒಂದು ಮಾತೂ ಆಡದೆ ಮಂಚದ ಮೇಲೆ ಕೂತಿದ್ದರೆ ಸಾಕಿತ್ತು.

ಅವರು ಸ್ಕ್ರೂಡ್ರೈವರು ಕಚ್ಚಿ ಇಂಜಿನ್ನಿನ ಮೇಲೆ ಬಗ್ಗಿದರು. ಹಿಂದೆ, ನಡುವೆ, ಮುಂದೆ. ಮುಂದೆ ಬಂದವರು ಅಲ್ಲೇ ನಿಂತರು. ಬಹಳ ಹೊತ್ತು. ಆಮೇಲೆ ಹಿಡಿಯನ್ನು ಜುಬ್ಬಾದ ಅಂಚಿಗೆ ಒರೆಸಿಕೊಂಡು ಹೇಳಿದರು:

"ಬಂದ್ ಮಾಡು. ಇಳ್ಸ್ರಿ ಇಂಜಿನ್ನ."

ಯಾರಿಗೂ ಅರ್ಥವಾಗಲಿಲ್ಲ. ಶಿಷ್ಯ ನನ್ನ ಕಡೆ ತಿರುಗಿದ. "ಅಣ್ಣ, ನಿನಗೇನಾದ್ರೂ ಕೇಳಿಸ್ತಾ?"

ಕೇಳಿಸಿರಲಿಲ್ಲ.

"ನನಗೂ ಇಲ್ಲ. ಕಿವಿ ಇರೋ ಇಷ್ಟು ಜನಕ್ಕೆ ಕೇಳದ್ದು ಕಿವಿ ಇಲ್ದೋರಿಗೆ ಕೇಳ್ತೈತಾ? ಚೆಂದಾಗಿ ಓಡೋ ಇಂಜಿನ್ನ ಬಿಚ್ಚಿ ಹಾಳ್ಮಾಡ್ತಾರೆ, ನೋಡ್ತಿರು."

ಅಂಗಳದಲ್ಲಿ ಆ ಮಾತು ಕೇಳದೇ ಇದ್ದವರು ಒಬ್ಬರೇ. ಎಲ್ಲರೂ ನನ್ನನ್ನೇ ನೋಡಿದರು, ಗಾಡಿ ನನ್ನದಲ್ಲವೇ. ಬಿಚ್ಚಿದಾಗ ಒಳಗೆ ಏನೂ ಇಲ್ಲದಿದ್ದರೆ ಮಾರನೆಯ ದಿನದಿಂದ ಈ ಮರದ ಕೆಳಗೆ ಕುರಿಗಳು ಮಾತ್ರ ಮಲಗುತ್ತವೆ. ನಾನು ನಡೆದು ಅವರ ಬಲಗಡೆಗೆ ಹೋದೆ.

"ಇಳಿಸೋಣವಾ ಉಸ್ತಾದ್?"

"ಇಳ್ಸು. ಬಿಚ್ಚೋಕೆ ಅವನನ್ನೇ ಕರಿ. ಹಿಂದೆ ನಿಂತು ಏನೋ ಅಂದ. ಏನಂದ ಅಂತ ನಿಮ್ ಮುಖಗಳೇ ಹೇಳ್ತಾವೆ."

ಮತ್ತೆ ಕೊಂಬೆಗೆ ಚೈನು ಹಾಕಿದರು. ಇಂಜಿನ್ನು ನೆಲಕ್ಕೆ ಬರುವಷ್ಟರಲ್ಲಿ ಉಸ್ತಾದರು, ತೀರ್ಪು ಓದುವವರ ಹಾಗೆ, ಮಂಚದ ಮೇಲೆ ಕುಳಿತು ಹೇಳಿದರು: "ಮುಂದಿನ ಬೇರಿಂಗು. ಎಡ ಮಗ್ಗುಲು ಸವೆದು ತಾಮ್ರ ಕಾಣ್ತಿರ್ತೈತೆ, ಬಲ ಮಗ್ಗುಲು ಹೊಸದಿದ್ದಂಗೆ ಇರ್ತೈತೆ. ಇದು ಗಿರಣೀಲಿ ವರ್ಷಾನುಗಟ್ಲೆ ಬೆಲ್ಟು ಎಳೆದಿರೋ ಇಂಜಿನ್ನು. ಬೆಲ್ಟು ಶಾಫ್ಟನ್ನ ಒಂದೇ ಕಡೆಗೆ ಜಗ್ಗಿ ಹಿಡಿದಿತ್ತು, ಅದಕ್ಕೇ ಅಲ್ಲಿ ಸುಮ್ಮನಿತ್ತು. ಇಲ್ಲಿ ಹಿಡಿಯೋರಿಲ್ಲ, ಒಳಗೇ ಅಲ್ಲಾಡ್ತೈತೆ. ಇವತ್ತು ಯಾರಿಗೂ ಕೇಳಲ್ಲ. ಮೂಟೆ ಹೇರ್ಕಂಡು ದಿಬ್ಬ ಹತ್ತಿದ ದಿನ ಎಲ್ರಿಗೂ ಕೇಳ್ತೈತೆ. ಬೆಲ್ಟು ಬಿಚ್ಚಿಸಿ ಕೇಳ್ಬೇಕಿತ್ತು. ಕೇಳ್ಲಿಲ್ಲ. ನಂದೇ ತಪ್ಪು."

ಅವರ ಬಾಯಿಂದ ಆ ಕೊನೆಯ ಎರಡು ಪದಗಳನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ. ಮೆಚ್ಚಿ ಹಾರ ಹಾಕಲು ನಿಂತ ಜನರ ಎದುರು, ಬೀಳಿಸಲು ಬಂದವನ ಎದುರು, ಯಾರಿಗೂ ಕಾಣದ ತಮ್ಮ ತಪ್ಪನ್ನು ತಾವೇ ಎತ್ತಿ ತೋರಿಸಿ, ಅದನ್ನು ಸಾಬೀತು ಮಾಡುವ ಕೆಲಸವನ್ನೂ ಅವನ ಕೈಗೇ ಕೊಟ್ಟಿದ್ದರು. ಬೇರಿಂಗು ಸರಿಯಿದ್ದರೆ ಅವರು ಕಿವುಡರು, ಕೆಟ್ಟಿದ್ದರೆ ಎಡವಿದವರು. ಎರಡರಲ್ಲಿ ಯಾವುದಕ್ಕೂ ಅವರು ಅವಸರ ಪಟ್ಟಂತೆ ಕಾಣಲಿಲ್ಲ. ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು.

ಶಿಷ್ಯ ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತ. ಅಡಿಯ ತಟ್ಟೆ ಬಿಚ್ಚಿದ, ಮುಂದಿನ ಬೇರಿಂಗಿನ ಟೋಪಿ ಬಿಚ್ಚಿದ. ಒಳಗಿನ ಅರ್ಧಚಂದ್ರದ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಎಣ್ಣೆ ಒರೆಸಿದ. ಉಗುರಿನಿಂದ ಒಮ್ಮೆ ಗೀರಿದ. ಬಿಸಿಲಿಗೆ ಹಿಡಿದ. ಇನ್ನೊಮ್ಮೆ ಗೀರಿದ. ಆಮೇಲೆ ನನ್ನ ಅಂಗೈಗೆ ಹಾಕಿದ. ಒಂದು ಮಗ್ಗುಲು ಬೂದು ಬಣ್ಣಕ್ಕೆ ನುಣ್ಣಗೆ, ಹೊಸದರಂತಿತ್ತು. ಇನ್ನೊಂದು ಮಗ್ಗುಲು ತಾಮ್ರದ ತಂಬಿಗೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅದು ಕೈಯಿಂದ ಕೈಗೆ ಹೋಯಿತು. ಪೂಜೆಯ ಹೂವನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ಒಬ್ಬಿಬ್ಬರು ಅದನ್ನು ಹಿಡಿದದ್ದು ನಾನು ಕಂಡೆ. ನಗಲಿಲ್ಲ.

ಶಿಷ್ಯ ಎದ್ದ. ಅವನು ನಿಂತಿದ್ದದ್ದು ಮಂಚದ ಎಡಕ್ಕೆ. ಅಲ್ಲಿಂದಲೇ ಮಾತಾಡಬಹುದಿತ್ತು. ಆದರೆ ಅವನು ಗಾಡಿಯನ್ನು ಬಳಸಿ, ಮರವನ್ನು ಬಳಸಿ, ಇಡೀ ಅಂಗಳ ಸುತ್ತಿ, ಉಸ್ತಾದರ ಬಲಗಡೆಗೆ ಬಂದು ಬಗ್ಗಿದ.

"ಉಸ್ತಾದ್, ಇದರ ಜೋಡಿ ದುರ್ಗದಲ್ಲಿ ಸಿಗ್ತೈತೆ. ನಾನೇ ಹೋಗಿ ತರ್ತೀನಿ."

"ತಗಂಬಾ" ಎಂದರು ಅವರು. "ಹೋಗ್ವಾಗ ಚಾ ಹೇಳ್ಬಿಟ್ಟು ಹೋಗು. ಎಲ್ರಿಗೂ."

ಅಂದಿನಿಂದ ಚಳ್ಳಕೆರೆಯಲ್ಲಿ ಒಂದು ಪದ್ಧತಿ ನೆಲೆಯೂರಿತು. ಉಸ್ತಾದರ ಬಳಿ ಮಾತಾಡುವವರು ಸುತ್ತಿ ಬಂದು ಬಲಗಡೆ ನಿಲ್ಲುತ್ತಿದ್ದರು. ಕಿವುಡು ಎಂಬ ಪದವನ್ನು ಮಾತ್ರ ಯಾರೂ ಆಡಲಿಲ್ಲ, ಎದುರಿಗೂ ಇಲ್ಲ, ಹಿಂದೆಯೂ ಇಲ್ಲ. ಟ್ರ್ಯಾಕ್ಟರಿನವರು ತಿರುಗಿ ಬಂದರು. ಕಾರಣ ಗೊತ್ತಿಲ್ಲದ ಪರವೂರಿನವರಿಗೆ ಕೆಲಸದವರು ಹೇಳುತ್ತಿದ್ದರು, "ಬಲಗಡೆ ಹೋಗ್ರಿ, ಎಡಗಡೆ ನಿಂತ್ರೆ ಉಸ್ತಾದ್‌ಗೆ ಸಿಟ್ಟು ಬರ್ತೈತೆ." ಅವರಿಗೆ ಅದು ಧರ್ಮದ ವಿಷಯವೋ ಏನೋ ಎಂದು ತೋರಿರಬೇಕು. ಒಬ್ಬರು ಚಪ್ಪಲಿ ಬಿಟ್ಟೂ ಹೋದರು.

ಮೊನ್ನೆ ಪರಶುರಾಂಪುರದಿಂದ ಬಂದು ಸುದ್ದಿ ತಿಳಿದ ಮೇಲೆ ನಾನು ಗಾಡಿ ತಿರುಗಿಸಿಕೊಂಡು ಅಲ್ಲಿಗೇ ಹೋದೆ. ಮಣ್ಣು ಮುಗಿಸಿ ಜನ ಚದುರಿದ್ದರು. ಬೇವಿನ ಮರದ ಕೆಳಗೆ ಶಿಷ್ಯನೊಬ್ಬನೇ ನೆಲದ ಮೇಲೆ ಕೂತಿದ್ದ. ಖಾಲಿ ಮಂಚದ ಮೇಲೆ ಆ ಸ್ಕ್ರೂಡ್ರೈವರು ಇತ್ತು. ಮರದ ಹಿಡಿಯ ಮೇಲೆ ಹಲ್ಲಿನ ಗುರುತುಗಳು ಆಳವಾಗಿ ಕೂತಿದ್ದವು.

"ನೀನು ಕೇಳು ನೋಡೋಣ" ಎಂದೆ. ಪಿಕಪ್ಪು ಸ್ಟಾರ್ಟ್ ಮಾಡಿ ಬಾನೆಟ್ಟು ಎತ್ತಿ ಪಕ್ಕಕ್ಕೆ ನಿಂತೆ.

ಅವನು ಹಿಡಿಯನ್ನು ಒರೆಸಿ, ಅವೇ ಗುರುತುಗಳಿಗೆ ತನ್ನ ಹಲ್ಲು ಕೂರಿಸಿ, ಇಂಜಿನ್ನಿಗೆ ಒತ್ತಿ ಕಣ್ಣು ಮುಚ್ಚಿದ. ಹಿಂದೆ, ನಡುವೆ, ಮುಂದೆ. ಉಸ್ತಾದರಷ್ಟೇ ಹೊತ್ತು ನಿಂತ. ಆಮೇಲೆ ಸ್ಕ್ರೂಡ್ರೈವರನ್ನು ಮಂಚದ ಮೇಲೆ ಇದ್ದ ಹಾಗೆಯೇ ಇಟ್ಟು, ನನ್ನ ಬೆನ್ನ ಹಿಂದಿನಿಂದ ಬಳಸಿಕೊಂಡು ಬಲಗಡೆಗೆ ಬಂದು ನಿಂತ.

"ಏನೂ ಗೊತ್ತಾಗಲ್ಲಣ್ಣ" ಎಂದ. "ಹಲ್ಲು ಜುಂ ಅಂತೈತೆ, ಅಷ್ಟೆ."

ನನಗೆ ಎರಡು ಕಿವಿಯೂ ಚೆನ್ನಾಗಿ ಕೇಳುತ್ತವೆ. ಅವನಿಗೂ ಅದು ಗೊತ್ತು.